ಹಸ್ತಾಂತರ

ಗಾಡಿ ಪುಸ್ತಕದಲ್ಲಿ ಆವತ್ತಿನದು ಒಂದೇ ಸಾಲು:
ಬಾಳೂರಿನ ಆಚೆ ತೋಟದ ಗೇಟಿನಿಂದ ಮೂಡಿಗೆರೆ ಮೈದಾನ,
ಇಪ್ಪತ್ತೊಂದು ಕಿಲೋಮೀಟರು. ರೋಗಿ ಒಬ್ಬ, ಗಂಡಸು.
ಕೊನೆಯ ಕಾಲಂ: ಹಸ್ತಾಂತರ. ಕೆಳಗೆ ನನ್ನ ರುಜು.
ರುಜುವಿನ ಪಕ್ಕದ ಬಿಳಿ ಬೆರಳಚ್ಚು ಸುಣ್ಣದ್ದು.

ಅಂಗಾರ ಸಿಲ್ವರ್ ಓಕಿನಿಂದ ಬಿದ್ದಿದ್ದ.
ಮೆಣಸಿನ ಬಳ್ಳಿ ಹಬ್ಬಿದಷ್ಟೂ ಎತ್ತರಕ್ಕೆ ಒಂಟಿ ಬಿದಿರಿನ ಏಣಿ;
ಏಣಿ ನಿಂತೇ ಇತ್ತು,
ಅವನೊಬ್ಬ ಇಳಿದುಬಿಟ್ಟಿದ್ದ.
"ನನ್ನ ಕಾಲು ಎಲ್ಲಿಟ್ಟೆ ಅಕ್ಕ?" ಅಂತ ಹಸೀನಾಳನ್ನು ಕೇಳಿದ.
ಅವಳು ಪಾದ ಚಿವುಟಿ, ಅವನ ಮುಖ ನೋಡಿ,
ಆಮೇಲೆ ನನ್ನ ಕಡೆ ನೋಡಿದಳು.
ಆ ನೋಟದ ಅರ್ಥ ನನಗೆ ಗೊತ್ತು:
ಹಂಪು ಬಂದಲ್ಲಿ ಗಾಡಿ ಓಡಿಸಬೇಡ, ನಡೆಸು.

ಈ ರಸ್ತೆಯ ಗುಂಡಿಗಳಿಗೆಲ್ಲ ನಾನೇ ಹೆಸರಿಟ್ಟಿದ್ದೇನೆ.
ಮಾವನ ಗುಂಡಿ, ಟೆಂಡರ್ ಗುಂಡಿ, ಡೇರಿ ಮುಂದಿನ ಅವಳಿಜವಳಿ.
ಆವತ್ತು ಒಂದೊಂದನ್ನೂ
ಕೂಸು ಮಲಗಿದ ಕೋಣೆ ದಾಟುವ ಹಾಗೆ ದಾಟಿದೆ.
ಹಿಂದಿನವರು ಹಾರನ್ ಹೊಡೆದರು, ಬೈದರು.
ಸೈರನ್ ಹಾಕಿಕೊಂಡು ಇಷ್ಟು ನಿಧಾನ ಹೋಗುವ ಗಾಡಿಯನ್ನು
ಪಾಪ, ಅವರು ಎಲ್ಲಿ ಕಂಡಿದ್ದಾರೆ?

ಘಾಟಿ ಬೇಡವೇ ಬೇಡ ಅಂದಿದ್ದರು ಡಾಕ್ಟ್ರು.
ಚಾರ್ಮಾಡಿಯ ತಿರುವಿಗೆ ಬೆನ್ನುಹುರಿ ತಡೆಯುವುದಿಲ್ಲ.
ಹೆಲಿಕಾಪ್ಟರ್ ಬರುತ್ತೆ, ಹೊಸ ಯೋಜನೆ.
ಫೋನಿನಲ್ಲಿ ಒಂದು ಹೆಣ್ಣುದನಿ ಕೇಳಿತು:
"ಮೈದಾನದ ಮೇಲೆ ತಂತಿ ಇದೆಯೇ? ದನ ಇವೆಯೇ?"

ತಂತಿ ಇರಲಿಲ್ಲ. ದನ ಇದ್ದವು.
ಡಿಸೋಜ ಮೇಷ್ಟ್ರು ಪೀಪಿ ಊದಿ ಅವನ್ನೆಲ್ಲ ಔಟ್ ಮಾಡಿ
ಕಬಡ್ಡಿಗೆ ಇಟ್ಟಿದ್ದ ಸುಣ್ಣದ ಪುಡಿಯಲ್ಲಿ
ಒಂದು ವೃತ್ತ ಎಳೆದರು. ನಡುವೆ ಆ ಇಂಗ್ಲಿಷ್ ಅಕ್ಷರ:
ನೋಡಿದರೆ ಏಣಿ,
ಒಂದೇ ಮೆಟ್ಟಿಲಿನ ಏಣಿ.

ಒಂಬತ್ತಾದರೂ ಮಂಜು ಏಳಲಿಲ್ಲ.
ಅಂಗಾರನ ಹೆಂಡತಿ ಅಪ್ಪಿ ಟಿಫಿನ್ ಕ್ಯಾರಿಯರ್ ಹಿಡಿದು
ಗಾಡಿಯ ಬಾಗಿಲಿಗೇ ಒರಗಿದ್ದಳು.
ಅವನದು ಒಂದೇ ಮಾತು:
"ಒಂದೂವರೆ ಚೀಲ ಬಿಡಿಸಿದ್ದೆ, ರೈಟರಿಗೆ ಹೇಳಿ ಬರೆಸು."

ಶಬ್ದ ಮೊದಲು ಎದೆಗೆ ಬಂತು, ಕಿವಿಗೆ ಆಮೇಲೆ.
ರೆಕ್ಕೆ ಗಾಳಿಗೆ ವೃತ್ತವೇ ಎದ್ದು ಹಾರಿತು:
ದನದ ಬೆನ್ನಿಗೆ, ದಫೇದಾರರ ಟೋಪಿಗೆ, ಅಪ್ಪಿಯ ತಲೆಗೆ.
ಯಾವ ಗುರುತು ನೋಡಿ ಅದು ಇಳಿಯಿತೋ
ಆ ಗುರುತನ್ನೇ ಅಳಿಸಿ ಕೂತಿತು.
ನಾಲ್ಕು ನಿಮಿಷ. ಅವರ ಸ್ಟ್ರೆಚರ್ ಅವರದು, ನಮ್ಮದು ನಮಗೆ.
ಕಾಗದ, ರುಜು.
ಬಾಗಿಲು ಹಾಕಿದವನು ಅಪ್ಪಿಗೆ ಕೈಸನ್ನೆ ಮಾಡಿದ:
ಸೀಟಿಲ್ಲ.

ಸದ್ದು ಪಡುವಣಕ್ಕೆ ಕರಗಿದ ಮೇಲೂ
ಅವಳು ಕತ್ತೆತ್ತಿಕೊಂಡೇ ನಿಂತಿದ್ದಳು.
ಆಮೇಲೆ ನನ್ನನ್ನು ಕೇಳಿದಳು:
"ಅಲ್ಲಿಗೆ ಬಸ್ಸು ಎಷ್ಟೊತ್ತಿಗೆ?"

ಅವನಿಗೆ ಇಪ್ಪತ್ತು ನಿಮಿಷದ ದಾರಿ.
ಅವಳಿಗೆ ಕೊಟ್ಟಿಗೆಹಾರ, ಉಜಿರೆ, ಬೆಳ್ತಂಗಡಿ, ಬಿ.ಸಿ. ರೋಡು;
ಇಳಿದ ಮೇಲೆ ಇನ್ನೊಂದು ಸಿಟಿ ಬಸ್ಸು.
ರೋಗಿಯಲ್ಲದವರನ್ನು ಹತ್ತಿಸಬಾರದು ಅನ್ನುತ್ತದೆ ನಿಯಮ.
ಬಸ್‌ ಸ್ಟ್ಯಾಂಡಿನವರೆಗೆ ಅವಳು ರೋಗಿ ಅಂದೆ;
ಹಸೀನಾ ನಾಡಿ ಹಿಡಿದು ಕೂತಳು.
ಸುಣ್ಣ ಮೆತ್ತಿದ ತಲೆ ನೋಡಿ ಕಂಡಕ್ಟರ್
"ಏನಮ್ಮ, ಮನೆಗೆ ಬಣ್ಣ ಹೊಡಿಸ್ತಿದ್ದೀರಾ?" ಅಂದ.
ಟಿಕೆಟ್ಟಿನ ಹಿಂದೆ ನನ್ನ ನಂಬರು ಬರೆದುಕೊಟ್ಟೆ.

ಟಿಕೆಟ್ಟನ್ನು ಯಾರು ಅಷ್ಟು ದಿನ ಇಟ್ಟುಕೊಳ್ಳುತ್ತಾರೆ?

"ಬದುಕಿದನಾ?" ಅನ್ನುತ್ತಾರೆ ಹ್ಯಾಂಡ್‌ಪೋಸ್ಟಿನ ಟೀ ಅಂಗಡಿಯಲ್ಲಿ.
ಹದಿಮೂರು ವರ್ಷದಲ್ಲಿ ಎಷ್ಟು ಕಥೆ ಹೊತ್ತಿದ್ದೇನೋ,
ಎಲ್ಲವೂ ನಡುವಿನ ಪುಟ.
ಮೊದಲು ಬೇರೆಯವರ ಮನೆಯಲ್ಲಿ, ಕೊನೆ ಬೇರೆ ಊರಲ್ಲಿ.
ನನ್ನ ಪಾಲು ಇಪ್ಪತ್ತೊಂದು ಕಿಲೋಮೀಟರು ಅನ್ನುತ್ತೇನೆ,
ಟೀ ಮುಗಿಸುತ್ತೇನೆ.

ಮೊನ್ನೆ ಹಾಸನಕ್ಕೆ ಹೆರಿಗೆ ಕೇಸು.
ಬೇಲೂರಿನ ತಿರುವಿನಲ್ಲಿ ಹಿಂದೆ ಏನೋ ಉರುಳಿದ ಸದ್ದು.
ಹಸೀನಾ ಬಗ್ಗಿ ಹೆಕ್ಕಿದಳು:
ನಾಲ್ಕು ಕಾಳು ಮೆಣಸು.
ಅಂಗಾರನ ಜೇಬಿನದಿರಬೇಕು. ಬಿದ್ದಾಗ ಹಸಿರು,
ಈಗ ಗಾಡಿಯಲ್ಲೇ ಒಣಗಿ ಕಪ್ಪಾಗಿವೆ.
ಎಸೆಯಲಿಲ್ಲ ಅವಳು. ಹತ್ತಿಯ ಡಬ್ಬಿಯಲ್ಲಿವೆ.

ಗೊತ್ತಿಲ್ಲದ ನಂಬರನ್ನೆಲ್ಲ ಈಗ ಎತ್ತುತ್ತೇನೆ.
ಸಾಲ ಬೇಕೇ ಸರ್, ಅನ್ನುತ್ತವೆ.
ಪೂರ್ತಿ ಕೇಳಿಸಿಕೊಂಡೇ ಇಡುತ್ತೇನೆ.